ವೆಬ್‌ಸೈಟ್ ಯಾರ ಹೆಸರಿನಲ್ಲಿದೆ, ಊರಿನ ಹೆಸರು ಯಾರದು?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸುದ್ದಿ ಬರೆಯುವ ನಮ್ಮಂಥವರಿಗೆ ಜಾಹೀರಾತು ತರುವ ಕೆಲಸವೂ ಜೋಡಿಯಾಗಿಯೇ ಬಂದಿರುತ್ತದೆ. ಹಬ್ಬದ ಪುರವಣಿ ಬಂತೆಂದರೆ ಮಿಠಾಯಿ ಅಂಗಡಿ, ಟ್ರ್ಯಾಕ್ಟರ್ ಶೋರೂಂ, ಖಾಸಗಿ ಶಾಲೆ, ಹಲ್ಲಿನ ದವಾಖಾನೆ, ಬೋರ್‌ವೆಲ್ ಏಜೆನ್ಸಿ ಎಲ್ಲ ಸುತ್ತಬೇಕು. ಈಗೀಗ ಅಲ್ಲಿ ಸಿಗುವ ಉತ್ತರ, "ಈ ಸಲ ಪೇಪರಿಗೆ ಬ್ಯಾಡ್ರೀ, ವೆಬ್‌ಸೈಟ್ ಮಾಡಿಸೇವಿ." ಒಳ್ಳೆಯದೇ. ಕಮಿಷನ್ ಹೋಯಿತೆಂಬ ಹೊಟ್ಟೆಕಿಚ್ಚಿನಿಂದ ಇದನ್ನು ಬರೆಯುತ್ತಿಲ್ಲ (ಸ್ವಲ್ಪ ಇದ್ದರೂ ಇರಬಹುದು). ಆದರೆ ಅವರು ಹೆಮ್ಮೆಯಿಂದ ಮೊಬೈಲ್‌ನಲ್ಲಿ ತೆರೆದು ತೋರಿಸಿದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಶಾಲೆ, ದವಾಖಾನೆ, ಮಿಠಾಯಿ ಅಂಗಡಿ ಮೂರಕ್ಕೂ ಒಂದೇ ಅಚ್ಚು. ಮೇಲೆ ಉರುಳುವ ಮೂರು ಚಿತ್ರ, ಅದರಲ್ಲಿ ಕೋಟು ಹಾಕಿಕೊಂಡು ಕೈ ಕುಲುಕುವ ಪರದೇಶದವರು. ಕೆಳಗೆ ಇಂಗ್ಲಿಷಿನಲ್ಲಿ 'ನಮ್ಮ ಬಗ್ಗೆ'. ಗುಣಮಟ್ಟ, ನಂಬಿಕೆ, ಗ್ರಾಹಕರ ಸಂತೃಪ್ತಿ ಎಂಬ ಅದೇ ನಾಲ್ಕು ಸಾಲು. ಬೋರ್‌ವೆಲ್‌ನವರ ಪುಟದಲ್ಲಿರುವ ಸಾಲುಗಳನ್ನೇ ಎತ್ತಿ ಹೆರಿಗೆ ಆಸ್ಪತ್ರೆಗೆ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿ ಯಾವ ರಸ್ತೆಯಲ್ಲಿದೆ, ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ, ವಾರದ ರಜೆ ಯಾವತ್ತು, ಬೆಲೆ ಎಷ್ಟು? ಯಾವುದೂ ಇರುವುದಿಲ್ಲ. ಫೋನ್ ನಂಬರ್ ಇದ್ದರೂ ಒತ್ತಿದರೆ ಕರೆ ಹೋಗುವಂತೆ ಇರುವುದಿಲ್ಲ, ಬರೆದುಕೊಂಡು ಮತ್ತೆ ಹೊಡೆಯಬೇಕು.

ಕನ್ನಡವಂತೂ ಕೇಳಲೇಬೇಡಿ. 2024ರ ತಿದ್ದುಪಡಿಯಾದ ಮೇಲೆ ಅಂಗಡಿಯ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, ಆದ್ದರಿಂದ ಬೋರ್ಡು ಬದಲಾಗಿದೆ. ಅದೇ ಅಂಗಡಿಯ ವೆಬ್‌ಸೈಟಿನಲ್ಲಿ ಒಂದು ಕನ್ನಡ ಅಕ್ಷರವಿಲ್ಲ. ಇದ್ದರೆ ಅದು ನುಡಿಯಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿ, ಚಿತ್ರವಾಗಿಸಿ ಅಂಟಿಸಿದ ಕನ್ನಡ. ಓದುವ ಕಣ್ಣಿಗೆ ಅದು ಅಕ್ಷರ, ಹುಡುಕುವ ಗೂಗಲ್‌ಗೆ ಬರೀ ಚಿತ್ರ. ಯೂನಿಕೋಡ್‌ನಲ್ಲಿ 'ಗೋಕಾಕ ಕರದಂಟು' ಎಂದು ಎರಡು ಶಬ್ದ ಟೈಪ್ ಮಾಡಿದ್ದರೆ ಬೆಂಗಳೂರಿನಲ್ಲಿ ಕೂತು ಕನ್ನಡದಲ್ಲೇ ಹುಡುಕುವವನ ಕೈಗೆ ಅಂಗಡಿ ಸಿಗುತ್ತಿತ್ತು. ಇನ್ನು ಮೂಡಲಗಿಯ ಪಾಡು ಬೇರೆ. ಇಂಗ್ಲಿಷಿನಲ್ಲಿ ಅದನ್ನು ಮೂರು ನಮೂನೆ ಬರೆಯುತ್ತಾರೆ. ಮೇಲಾಗಿ ಗೋಕಾಕದಿಂದ ಬೇರೆಯಾಗಿ ಸ್ವತಂತ್ರ ತಾಲೂಕಾದ ಮೇಲೂ ಎಷ್ಟೋ ಅಂಗಡಿಗಳ ವಿಳಾಸದಲ್ಲಿ ಇನ್ನೂ 'ತಾ: ಗೋಕಾಕ' ಎಂದೇ ಇದೆ. ನಕ್ಷೆ ನೋಡಿಕೊಂಡು ಬರುವ ಕೊರಿಯರ್ ಹುಡುಗ ಎಲ್ಲಿಗೆ ಹೋಗಬೇಕು?

ಇಷ್ಟಾದರೂ ಸಹಿಸಬಹುದು. ಸಹಿಸಲಾಗದ ವಿಷಯ ಮಾಲಕಿಯದು. ಅಂಗಡಿ ಹೆಸರಿನ ಡೊಮೇನ್ ತೆಗೆದುಕೊಳ್ಳುವಾಗ ಡಿಸೈನರ್ ತನ್ನ ಇಮೇಲ್, ತನ್ನ ಫೋನ್ ಕೊಟ್ಟಿರುತ್ತಾನೆ. ಅಂಗಡಿಕಾರ ದುಡ್ಡು ಕೊಟ್ಟದ್ದು ನಿಜ, ಆದರೆ ಕಾಗದದಲ್ಲಿ ಹೆಸರು ಡಿಸೈನರದೇ. ಎರಡು ವರ್ಷದ ಮೇಲೆ ಆ ಹುಡುಗ ಪುಣೆಯಲ್ಲಿ ನೌಕರಿ ಹಿಡಿದು ಹೋಗುತ್ತಾನೆ, ನವೀಕರಣದ ನೋಟಿಸು ಅವನ ಹಳೆಯ ಇಮೇಲಿಗೆ ಹೋಗಿ ಬೀಳುತ್ತದೆ. ಅವಧಿ ಮುಗಿದ ಡೊಮೇನ್ ಮತ್ತೆ ಮಾರುಕಟ್ಟೆಗೆ ಬರುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಹಾಗೆ ಬೇರೆಯವರ ಕೈಸೇರಿದ ಹೆಸರಿನಲ್ಲಿ ರಮ್ಮಿ ಜಾಹೀರಾತು ಓಡುವುದು ಅಪರೂಪವೇನಲ್ಲ. ಅಷ್ಟರೊಳಗೆ ಅಂಗಡಿಯ ಡಬ್ಬಿ, ಚೀಲ, ಕ್ಯಾಲೆಂಡರ್ ಎಲ್ಲದರ ಮೇಲೂ ಆ ವಿಳಾಸ ಅಚ್ಚಾಗಿರುತ್ತದೆ. '.ಇನ್' ಎಂದು ಕೊನೆಯಾಗುವ ಡೊಮೇನ್‌ಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯೊಳಗೇ ಖರ್ಚು. ಅಂಗಡಿ ಜಾಗದ ಉತಾರಿ ಬೇರೆಯವರ ಹೆಸರಿಗಿದ್ದರೆ ರಾತ್ರಿ ನಿದ್ದೆ ಬಾರದ ಜನ, ಇದನ್ನು ಮಾತ್ರ ಒಂದು ಮಾತೂ ಕೇಳದೆ ಬಿಟ್ಟುಕೊಡುತ್ತಾರೆ. ಡಿಸೈನರ್ ಇನ್ನೂ ಊರಿನಲ್ಲಿದ್ದರೆ ಇವತ್ತೇ ಕರೆದು ಖಾತೆಯ ಇಮೇಲ್, ಪಾಸ್‌ವರ್ಡ್ ಬದಲಿಸಿಕೊಳ್ಳಿ. ಅವನು ಒಲ್ಲೆ ಎಂದರೆ ಡೊಮೇನ್ ವರ್ಗಾಯಿಸುವ ಕೋಡ್ ಕೇಳಿ.

ಎಲ್ಲ ಡಿಸೈನರ್‌ಗಳೂ ಮೋಸಗಾರರು ಎಂದು ನಾವು ಹೇಳುತ್ತಿಲ್ಲ. ಬಹಳಷ್ಟು ಮಂದಿ ನಮ್ಮಂತೆಯೇ ಡಿಪ್ಲೊಮಾ ಮಾಡಿ ಊರಿಗೆ ಮರಳಿದವರು. ಐದು ಸಾವಿರಕ್ಕೆ ಲೋಗೋ, ವಿಸಿಟಿಂಗ್ ಕಾರ್ಡ್, ವೆಬ್‌ಸೈಟ್ ಮೂರೂ ಬೇಕು, ಅದೂ ನಾಡಿದ್ದಿನೊಳಗೆ ಎಂದು ಜಗ್ಗಾಡುವ ಗಿರಾಕಿಗೆ ಅವರು ಅಚ್ಚಿನ ಸಾಮಾನನ್ನೇ ಕೊಡುತ್ತಾರೆ, ಇನ್ನೇನು ಕೊಟ್ಟಾರು? ಅಂಗಡಿಕಾರನಿಗೆ ತಾನು ಮಾರುತ್ತಿರುವುದೇನು ಎಂದು ಹೇಳಿಕೊಳ್ಳಲು ಬಾರದಿದ್ದರೆ ಡಿಸೈನರ್ ಅದನ್ನು ಎಲ್ಲಿಂದ ತಂದಾನು?

ಕರದಂಟನ್ನೇ ನೋಡಿ. ಕರಿದ ಅಂಟು ಎಂಬುದರಿಂದಲೇ ಆ ಹೆಸರು. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ, ಮೇಲೆ ಬೆಲ್ಲದ ಪಾಕ. ಬಾಣಂತಿಗೆ ಕೊಡುವ ಅಂಟಿನುಂಡಿಯ ಬಳಗ ಅದು. ದೂರದ ಊರಿನವರಿಗೆ ಇದನ್ನು ಹೇಳಿದರೆ ಸಾಕು, ಕೊಳ್ಳುತ್ತಾರೆ. ಅವರು ಕೇಳುವುದು ನಾಲ್ಕೇ ಮಾತು: ಬೆಲ್ಲದ್ದೋ ಸಕ್ಕರೆಯದ್ದೋ, ಎಷ್ಟು ದಿನ ಇಡಬಹುದು, ಅರ್ಧ ಕಿಲೋಗೆ ಎಷ್ಟು, ಹುಬ್ಬಳ್ಳಿಗೆ ಕಳಿಸಿದರೆ ಕೊರಿಯರ್ ಖರ್ಚೆಷ್ಟು. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, ತಯಾರಕರ ವಿಳಾಸ, ತೂಕ, ತಯಾರಾದ ದಿನ ಇವೆಲ್ಲ ಕಾನೂನಿನ ಒತ್ತಾಯಕ್ಕೆ ಡಬ್ಬಿಯ ಮೇಲೆ ಹೇಗೂ ಅಚ್ಚಾಗಿರುತ್ತವೆ. ಆ ಡಬ್ಬಿಯ ಹಿಂಬದಿಯನ್ನೇ ಕನ್ನಡದಲ್ಲಿ ಟೈಪ್ ಮಾಡಿ, ಒಲೆಯ ಮುಂದೆ ನಿಂತವರ ಒಂದು ಫೋಟೋ ಹಾಕಿದರೂ ಈಗಿನ ಅರ್ಧ ವೆಬ್‌ಸೈಟುಗಳಿಗಿಂತ ಚಲೋ ಆದೀತು.

ಇಲ್ಲಿಯವರೆಗಿನದು ಒಂದೊಂದು ಅಂಗಡಿಯ ಸಂಗತಿ. ಆದರೆ ಕರದಂಟಿನ ಡಬ್ಬಿಯ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ ಅಚ್ಚಾಗುವುದು 'ಗೋಕಾಕ'. ಗಿರಾಕಿ ಕೇಳುವುದೂ ಅದನ್ನೇ. ಊರಿನ ಹೆಸರಷ್ಟನ್ನೇ ಯಾರೂ ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಸಾಮಾನ್ಯವಾಗಿ ಬರುವುದಿಲ್ಲ. ಸಣ್ಣ ಉದ್ಯಮಿ ಆನ್‌ಲೈನ್‌ನಲ್ಲಿ 4,500 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ತನ್ನ ಅಂಗಡಿಯ ಹೆಸರು, ಗುರುತು ಕಾಯ್ದುಕೊಳ್ಳಬಹುದು, ಅಷ್ಟೇ. ಊರಿನ ಹೆಸರನ್ನು ಕಾಯುವ ದಾರಿ ಬೇರೆ. 1999ರ ಕಾಯ್ದೆಯಡಿ ಸಿಗುವ ಜಿಐ, ಅಂದರೆ ಭೌಗೋಳಿಕ ಗುರುತು. ಅದಕ್ಕೆ ಒಬ್ಬ ಅಂಗಡಿಕಾರ ಅರ್ಜಿ ಹಾಕುವಂತಿಲ್ಲ. ತಯಾರಕರ ಸಂಘವೋ ಸಂಸ್ಥೆಯೋ ಹಾಕಬೇಕು, ಆಮೇಲೆ ಒಬ್ಬೊಬ್ಬ ತಯಾರಕ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು. ಧಾರವಾಡದ ಪೇಢೆ, ಚನ್ನಪಟ್ಟಣದ ಆಟಿಕೆ, 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿ ಎಲ್ಲ ಆ ಪಟ್ಟಿ ಸೇರಿದವು. ಒಂದು ಕಾಲಕ್ಕೆ ಚನ್ನಪಟ್ಟಣದ ಜೊತೆಗೇ ಹೆಸರು ಹೇಳಿಸಿಕೊಳ್ಳುತ್ತಿದ್ದ ಗೋಕಾಕದ ಮರದ ಆಟಿಕೆ, ಬಣ್ಣದ ಹಣ್ಣು-ಕಾಯಿಗಳನ್ನು ಈಗ ಮಾಡುವವರು ಕೆಲವೇ ಮನೆಯವರು.

ಹೆಸರು ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಲ ಇದೆ. ಮೂಡಲಗಿ ಸೀಮೆಯ ಗಾಣಗಳ ಬೆಲ್ಲ ಮಹಾಲಿಂಗಪುರದ ಪೇಟೆಗೆ ಹೋಗುತ್ತದೆ, ಗಡಿ ದಾಟಿ ಮಹಾರಾಷ್ಟ್ರಕ್ಕೂ ಹೋಗುತ್ತದೆ. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಜಿಐ ಸಿಕ್ಕಿತು. ಕರ್ನಾಟಕದ ಬೆಲ್ಲವನ್ನು ಕೊಲ್ಹಾಪುರಿ ಎಂದು ಮಾರುತ್ತಿದ್ದಾರೆ ಎಂದು ಅಲ್ಲಿಯ ರೈತರೇ ತಕರಾರು ತೆಗೆದರು. ಅವರ ತಕರಾರು ನ್ಯಾಯವಾದದ್ದೇ. ಆದರೆ ನಮ್ಮವರ ಕಡೆಯಿಂದ ನೋಡಿ. ಕಬ್ಬು ನಮ್ಮದು, ಗಾಣ ನಮ್ಮದು, ಹೊಗೆ ಕುಡಿದವರು ನಮ್ಮವರು. ಪೆಂಟಿಯ ಮೇಲೆ ಹೆಸರು ಮಾತ್ರ ಇನ್ನೊಂದು ಊರಿನದು, ಅದೂ ಕದ್ದ ಆಪಾದನೆಯ ಜೊತೆಗೆ. ನಮ್ಮದೇ ಹೆಸರು ಗಟ್ಟಿಯಾಗಿದ್ದರೆ ದಲ್ಲಾಳಿಗೆ ಇನ್ನೊಬ್ಬರ ಹೆಸರು ಯಾಕೆ ಬೇಕಿತ್ತು?

ಹುಕ್ಕೇರಿ ತಾಲೂಕಿನ ಸಂಕೇಶ್ವರದ್ದು ಇದರ ತಿರುವು. ಸಂಕೇಶ್ವರಿ ಮೆಣಸಿನಕಾಯಿ ಎಂದರೆ ಮರಾಠಿ ಅಡುಗೆಮನೆಗಳಲ್ಲಿ ಯಾರಿಗೂ ಪರಿಚಯ ಮಾಡಿಸಬೇಕಿಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ಸಾಲಾಗಿ ಮಹಾರಾಷ್ಟ್ರದ ಮಸಾಲೆ ವ್ಯಾಪಾರಿಗಳು ಕಾಣುತ್ತಾರೆ. ಊರಿನ ಹೆಸರು ಲೋಕ ಸುತ್ತಿದೆ, ಊರಿನ ಅಂಗಡಿ ಮಾತ್ರ ಕಾಣುವುದಿಲ್ಲ.

ಹೆಸರು ದಾಖಲೆಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನೂ ನಮ್ಮ ಜಿಲ್ಲೆಯೇ ನೋಡಿದೆ. ಕೊಲ್ಹಾಪುರಿ ಚಪ್ಪಲಿಯ ಜಿಐ ಎಂಟು ಜಿಲ್ಲೆಗಳದ್ದು, ನಾಲ್ಕು ಮಹಾರಾಷ್ಟ್ರದವು, ನಾಲ್ಕು ಕರ್ನಾಟಕದವು, ಬೆಳಗಾವಿಯೂ ಅದರಲ್ಲಿದೆ. ಅಥಣಿ, ನಿಪ್ಪಾಣಿಯ ಕಡೆ ಮಾಡುವ ಚಪ್ಪಲಿಯೂ ಅದೇ. ಎರಡೂ ರಾಜ್ಯಗಳ ಚರ್ಮ ಕೈಗಾರಿಕಾ ನಿಗಮಗಳು, ನಮ್ಮ ಲಿಡ್ಕರ್ ಮತ್ತು ಅಲ್ಲಿಯ ಲಿಡ್ಕಾಂ, ಅದನ್ನು ಜಂಟಿಯಾಗಿ ಹೊಂದಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿ ತೋರಿಸಿ, ಎಲ್ಲಿಯದೆಂದು ಹೇಳದೆ ಬೈಸಿಕೊಂಡಿತು. ಆಮೇಲೆ ಅದರ ಮೂಲ ಭಾರತದ ಕುಶಲಕರ್ಮಿಗಳದ್ದೆಂದು ಒಪ್ಪಿತು. ಡಿಸೆಂಬರ್‌ನಲ್ಲಿ ಇದೇ ಎರಡು ನಿಗಮಗಳ ಜೊತೆ ಕೂತು, 2,000 ಜೊತೆ ಚಪ್ಪಲಿಯನ್ನು ಇಲ್ಲಿಯೇ ಮಾಡಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಜೊತೆಗೆ ಸುಮಾರು 800 ಯೂರೋ ಬೆಲೆ. ಹೊಲಿಯುವವರ ಕೈಗೆ ಅದರಲ್ಲಿ ಎಷ್ಟು ಬಂದೀತು ಎಂಬುದು ಬೇರೆ ಲೇಖನದ ಮಾತು. ಮಾತಾಡಲು ಬಂದವರಿಗೆ ಯಾರ ಬಾಗಿಲು ತಟ್ಟಬೇಕು ಎಂಬುದಕ್ಕಾದರೂ ಒಂದು ವಿಳಾಸ ಇತ್ತು.

ಗೋಕಾಕದ ಕರದಂಟಿನ ಬಗ್ಗೆ ನಾಳೆ ದೊಡ್ಡ ಕಂಪನಿಯೊಂದು ಬಂದರೆ ಯಾರ ಬಾಗಿಲು ತಟ್ಟಬೇಕು? ನಮ್ಮ ಕಡೆಯವರಿಗೆ ಕೂಡಿ ನಡೆಸುವುದು ಗೊತ್ತಿಲ್ಲ ಎನ್ನುವ ಹಾಗಿಲ್ಲ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಮನೆ ಮನೆಗೆ ಕರೆಂಟು ಕೊಡುತ್ತಿದೆ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ ಸಹಕಾರಿಯದು. ಕರೆಂಟು, ಸಕ್ಕರೆಯಂಥ ಭಾರದ ಬಂಡಿಯನ್ನೇ ಸಂಘ ಕಟ್ಟಿ ಎಳೆದವರಿಗೆ ಒಂದು ಹೆಸರು, ಒಂದು ವೆಬ್‌ಸೈಟ್ ಭಾರವೇ? ಅಂಗಡಿ ಅಂಗಡಿಗೆ ಪೈಪೋಟಿ ಇದ್ದೇ ಇರುತ್ತದೆ, ಇರಲಿ. ಊರಿನ ಹೆಸರಿನ ಪುಟ ಒಂದಿರಲಿ, ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ. ಕರದಂಟು ಎಂದರೇನು, ಯಾವ ಯಾವ ಸಾಮಾನು ಇರಲೇಬೇಕು, ಮಾಡುವವರು ಯಾರ್ಯಾರು, ಅವರ ನಂಬರ್ ಯಾವುದು ಎಂಬುದಷ್ಟೇ ಅಲ್ಲಿರಲಿ. ಆ ಡೊಮೇನ್ ಯಾವೊಬ್ಬನ ಹೆಸರಿಗೂ ಬೇಡ, ಸಂಘದ ಹೆಸರಿಗಿರಲಿ. ಬೆಲ್ಲದವರಿಗೂ ಇದೇ ಮಾತು. ದಸರೆ ದಾಟಿದರೆ ಗಾಣ ಶುರುವಾಗುತ್ತವೆ. ಚೀಲ ಹೊಲಿಸಲು ಕೊಡುವ ಮುಂಚೆ, ಅದರ ಮೇಲೆ ಯಾವ ಊರಿನ ಹೆಸರು ಅಚ್ಚಾಗಬೇಕೆಂದು ಒಂದು ಸಂಜೆ ಕೂತು ಮಾತಾಡಿಕೊಳ್ಳಿ.