ಬೋರ್ಡು ಬದಲಾಯಿತು, ಮೇಷ್ಟ್ರೆಲ್ಲಿ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾನ್ವೆಂಟಿನ ಫೀಸಿನ ಕಂತು ಹತ್ತಿರವಾದರೆ ಅಟ್ಟದ ಕೊಬ್ಬರಿ ಕೆಳಗಿಳಿಯುತ್ತದೆ. 2024ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರ ಗೊತ್ತುಮಾಡಿದ್ದ ಬೆಂಬಲ ಬೆಲೆ 12,000 ರೂಪಾಯಿ. ಆ ದುಡ್ಡನ್ನು ಶಾಲಾ ವ್ಯಾನಿಗೂ ಪುಸ್ತಕಕ್ಕೂ ಸುರಿಯುವ ಅಪ್ಪ ಅಮ್ಮಂದಿರನ್ನು ಕನ್ನಡದ್ರೋಹಿಗಳೆಂದು ಬೈಯುವುದು ವೇದಿಕೆ ಮೇಲಿನವರಿಗೆ ಸಲೀಸು. ಮಗುವಿಗೆ ಇಂಗ್ಲಿಷ್ ಬರಲಿ ಎಂದು ಅವರು ಕೇಳುತ್ತಿರುವುದು ನ್ಯಾಯವಾದದ್ದೇ. ಕೆಟ್ಟಿರುವುದು ಸರ್ಕಾರ ಕೊಟ್ಟ ಉತ್ತರ.

2007ರಲ್ಲೇ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಹತ್ತು ವರ್ಷ ಅದನ್ನು ಓದಿ ಎಸ್ಸೆಸ್ಸೆಲ್ಸಿ ಪಾಸಾದ ಹಳ್ಳಿ ಹುಡುಗಿ ನಾಲ್ಕು ವಾಕ್ಯ ಆಡಲು ಯಾಕೆ ತಡವರಿಸುತ್ತಾಳೆ? ಇದನ್ನು ಯಾರೂ ಕೇಳಲಿಲ್ಲ. 2019ರಲ್ಲಿ ಕುಮಾರಸ್ವಾಮಿ ಸರ್ಕಾರ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಅದೇ ವರ್ಷದ ಜನವರಿಯಲ್ಲಿ, ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಚಂದ್ರಶೇಖರ ಕಂಬಾರರು ಆ ಯೋಜನೆಯನ್ನು ವಿರೋಧಿಸಿದ್ದರು. ಮಾಧ್ಯಮದ ಜಗಳ ಎರಡೂ ಕಡೆಯವರಿಗೆ ಅಗ್ಗ. ಬೋರ್ಡು ಬದಲಿಸಲು ಒಂದು ಆದೇಶ ಸಾಕು, ಬೈಯಲು ಒಂದು ಭಾಷಣ. ಮೇಷ್ಟ್ರನ್ನು ತಯಾರು ಮಾಡಲು ಮಾತ್ರ ವರ್ಷಗಟ್ಟಲೆ ದುಡ್ಡು ಬೇಕು, ತಾಳ್ಮೆ ಬೇಕು. ಆಗ ತಿಪಟೂರಿನ ಶಾಸಕರಾಗಿದ್ದ ಬಿ.ಸಿ. ನಾಗೇಶ್ ಅವರೇ ಶಿಕ್ಷಣ ಸಚಿವರಾಗಿದ್ದ ಕಾಲದಲ್ಲೂ, 2022ರಲ್ಲಿ ರಾಜ್ಯ ಕಚ್ಚಾಡಿದ್ದು ಪಠ್ಯದಲ್ಲಿ ಯಾರ ಪಾಠ ಇರಬೇಕೆಂದು. ಪಾಠ ಮಾಡುವವರ ಬಗ್ಗೆ ಅಲ್ಲ.

ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯನ್ನು ನೋಡಿ. 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ, ಟೀಚರ್ ಒಬ್ಬರೇ. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಡಿ.ಇಡಿ. ಮಾಡಿದವರು. ನಾಲ್ಕು ದಿನದ ತರಬೇತಿ ಕೊಟ್ಟು, ನಾಳೆಯಿಂದ ಕಳೆಯುವ ಲೆಕ್ಕವನ್ನು ಇಂಗ್ಲಿಷಿನಲ್ಲಿ ಹೇಳಿಕೊಡಿ ಎಂದರೆ ಮಗುವಿಗೆ ಲೆಕ್ಕವೂ ಹತ್ತುವುದಿಲ್ಲ, ಇಂಗ್ಲಿಷೂ ಹತ್ತುವುದಿಲ್ಲ.

ತೋಟದ ಮನೆಯ ಮಗುವಿಗೆ ಇಂಗ್ಲಿಷ್ ಪರಭಾಷೆ. ಮನೆಯಲ್ಲೂ ಇಲ್ಲ, ಸಂತೆಯಲ್ಲೂ ಇಲ್ಲ. ಪರಭಾಷೆಯೆಂದು ಒಪ್ಪಿಕೊಂಡೇ ಕಲಿಸಬೇಕು: ಮೊದಲು ಕೇಳಿಸಿ, ಆಡಿಸಿ, ಆಮೇಲೆ ಓದಿಸಿ, ಬರೆಸಿ. ಫಿನ್ಲೆಂಡ್, ನೆದರ್‌ಲ್ಯಾಂಡ್ಸ್ ಮಕ್ಕಳು ವಿಜ್ಞಾನ, ಗಣಿತವನ್ನು ತಮ್ಮ ಭಾಷೆಯಲ್ಲಿ ಕಲಿತೂ ಇಂಗ್ಲಿಷನ್ನು ಲೀಲಾಜಾಲವಾಗಿ ಆಡುತ್ತಾರೆ. (ಅಲ್ಲಿ ಟೀವಿಯ ಇಂಗ್ಲಿಷಿನ ನೆರವೂ ಇದೆ, ನಿಜ. ಅದಿಲ್ಲದ ನಮಗೆ ಒಳ್ಳೆಯ ಮೇಷ್ಟ್ರು ಇನ್ನೂ ಹೆಚ್ಚು ಬೇಕು.) ನಮ್ಮಲ್ಲಿ ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. ಬಾಯಿಪಾಠದ ಪದ್ಯಕ್ಕೂ ಪತ್ರಲೇಖನಕ್ಕೂ ಅದರಲ್ಲಿ ಜಾಗವಿದೆ, ಬಾಯಿ ತೆರೆದು ಮಾತಾಡುವುದಕ್ಕೆ ಪಬ್ಲಿಕ್ ಪರೀಕ್ಷೆಯೇ ಇಲ್ಲ.

ಇಂಗ್ಲಿಷ್ ಕಲಿತರೆ ಕನ್ನಡ ಸಾಯುತ್ತದೆ ಎನ್ನುವವರು ತುರುವೇಕೆರೆ ತಾಲ್ಲೂಕಿನ ಸಂಪಿಗೆಗೆ ಒಮ್ಮೆ ಹೋಗಿಬರಲಿ. 1884ರಲ್ಲಿ ಅಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು.

ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಹಾಗಾಗಿ ಕಾನ್ವೆಂಟಿನ ವ್ಯಾನುಗಳು ನಿಲ್ಲುವುದಿಲ್ಲ. ಸರ್ಕಾರದ ಕೈಯಲ್ಲಿ ಉಳಿದಿರುವುದು ತನ್ನ ಶಾಲೆಯ ಮೇಷ್ಟ್ರು ಮಾತ್ರ. ಇಂಗ್ಲಿಷ್ ಮೇಷ್ಟ್ರಿಗೆ ತರಬೇತಿ ಕೊಡಲೆಂದೇ 1963ರಿಂದ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. ತಿಪಟೂರು ಸೀಮೆಯ ಈ ಮೂರು ತಾಲ್ಲೂಕುಗಳ ಪ್ರತಿ ಶಾಲಾ ಕ್ಲಸ್ಟರಿಗೂ ಪೂರಾ ತರಬೇತಾದ ಒಬ್ಬ ಇಂಗ್ಲಿಷ್ ಶಿಕ್ಷಕರನ್ನು ಕಾಯಂ ಹುದ್ದೆಯಲ್ಲಿ ಕೂರಿಸಲಿ, ಉಳಿದ ಪಾಠ ಕನ್ನಡದಲ್ಲೇ ನಡೆಯಲಿ. ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ದುಡ್ಡು ತೆಗೆದಿಡಿಸದ ಶಾಸಕರು ಇಂಗ್ಲಿಷ್ ಮಾಧ್ಯಮದ ಹೊಸ ಬೋರ್ಡಿಗೆ ಟೇಪು ಕತ್ತರಿಸಲು ಬಂದರೆ, ಊರವರು ಶಾಲೆಯ ಬಾಗಿಲಲ್ಲೇ ನಿಲ್ಲಿಸಿ ಲೆಕ್ಕ ಕೇಳಬೇಕು.