ಎದೆಮೂಳೆ ಸೀಳದ ಬೈಪಾಸ್: ಲೆಕ್ಕ ಬಹಿರಂಗವಾಗಲಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಾದ ಶ್ರೀ ದಿನೇಶ್ ಗುಂಡೂರಾವ್ ಅವರಿಗೆ,

ಬೆಂಗಳೂರಿನ ಹೆಬ್ಬಾಳ, ಯಲಹಂಕ, ಯಶವಂತಪುರದ ಸುತ್ತ ದೊಡ್ಡ ಖಾಸಗಿ ಆಸ್ಪತ್ರೆಗಳು ಒಂದರ ಹಿಂದೊಂದು ಎದ್ದಿವೆ. ರೋಬೋಟ್ ನೆರವಿನ ಹೃದಯದ ಬೈಪಾಸ್‌ನ ಮಾತು ಈ ಕಡೆಯ ಮನೆಗಳಲ್ಲೂ ಕೇಳಿಬರುತ್ತಿದೆ. ಎಪ್ಪತ್ತು ದಾಟಿದ ತಂದೆ, ತಾಯಿ ಇರುವವರು ಅದನ್ನು ಆಸೆಗಣ್ಣಿನಿಂದ ನೋಡುತ್ತಿದ್ದಾರೆ. ಆ ಆಸೆಗೆ ಕಾರಣವಿದೆ.

ಮಾಮೂಲಿ ಬೈಪಾಸ್‌ನಲ್ಲಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಅದು ಕೂಡಲು 6ರಿಂದ 8 ವಾರ ಬೇಕು. ಆರ್.ಟಿ. ನಗರದ ನಮ್ಮ ನೆರೆಮನೆಯ ಅಜ್ಜಿ ಆ ವಾರಗಳನ್ನು ಕಳೆದದ್ದನ್ನು ನಾನು ಕಂಡಿದ್ದೇನೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು. ಕೈಯೂರಿ ಮಂಚದಿಂದ ಏಳುವಂತಿಲ್ಲ, ಅರ್ಧ ಕೊಡ ನೀರು ಎತ್ತುವಂತಿಲ್ಲ. ಮಗ್ಗುಲಾಗಿ ಮಲಗಿ ರೂಢಿಯಾದವರು ರಾತ್ರಿಯಿಡೀ ಅಂಗಾತ. ಮೂಳೆ ಸವೆದ, ಸಕ್ಕರೆ ಕಾಯಿಲೆಯ ಹಿರಿಯರಲ್ಲಿ ಆ ಗಾಯದ ಆಳಕ್ಕೆ ಸೋಂಕು ಇಳಿದರೆ ಜೀವಕ್ಕೇ ಕುತ್ತು.

ರೋಬೋಟ್ ವಿಧಾನದಲ್ಲಿ ಈ ಮೂಳೆಯನ್ನು ಮುಟ್ಟುವುದಿಲ್ಲ. ಎಡಪಕ್ಕೆಯ ಸಣ್ಣ ರಂಧ್ರಗಳಿಂದ ಯಂತ್ರದ ತೋಳುಗಳನ್ನು ಒಳಗೆ ಇಳಿಸಿ, ಎದೆಗೂಡಿನ ಒಳಗೋಡೆಯ ರಕ್ತನಾಳವೊಂದನ್ನು ಬಿಡಿಸಿಕೊಳ್ಳುತ್ತಾರೆ. ಬಳಿಕ ಪಕ್ಕೆಲುಬುಗಳ ನಡುವಿನ ಪುಟ್ಟ ಕೊಯ್ತದ ಮೂಲಕ, ಎಷ್ಟೋ ಸಲ ಹೃದಯ ಬಡಿಯುತ್ತಿರುವಾಗಲೇ, ಅದನ್ನು ಎಲ್‌ಎಡಿ ಎಂಬ ಮುಂಭಾಗದ ಮುಖ್ಯ ನಾಳಕ್ಕೆ ಹೊಲಿಯುತ್ತಾರೆ. ತೋಳುಗಳನ್ನು ನಡೆಸುವವರು ಕನ್ಸೋಲ್ ಮುಂದೆ ಕುಳಿತ ಸರ್ಜನ್. ಯಂತ್ರ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಹಾಗಾಗಿ ಎಲ್ಲವೂ ಆ ಸರ್ಜನ್ನರ ಪಳಗಿದ ಕೈಯ ಮೇಲೆ ನಿಂತಿದೆ.

ಡಾ. ಕೆ.ಎಂ. ಚೆರಿಯನ್ ಅವರು 1975ರಲ್ಲಿ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ದೇಶದ ಮೊದಲ ಬೈಪಾಸ್ ಮಾಡಿದರು. ಅಂದಿನಿಂದ ತೆರೆದೆದೆಯ ಬೈಪಾಸ್‌ನಲ್ಲಿ ನಮ್ಮ ವೈದ್ಯರಿಗೆ ಅರ್ಧ ಶತಮಾನದ ಅನುಭವವಿದೆ. ಆದರೆ ರೋಬೋಟ್ ಬೈಪಾಸ್ ಶುರುವಾದದ್ದು 1998ರಲ್ಲಿ, ಪ್ಯಾರಿಸ್‌ನಲ್ಲಿ. ಇದರಲ್ಲಿ ಕೈ ಪಳಗಿದವರು ಇನ್ನೂ ಕಡಿಮೆ.

ಇದು ಎಲ್ಲರಿಗೂ ಹೊಂದುವ ಚಿಕಿತ್ಸೆಯೂ ಅಲ್ಲ. ಶಸ್ತ್ರಕ್ರಿಯೆಯ ವೇಳೆ ಒಂದು ಶ್ವಾಸಕೋಶವನ್ನು ಕುಗ್ಗಿಸಿ ಇಡಬೇಕಾಗುತ್ತದೆ. ಬೀಡಿ ಸೇದಿ ಎದೆ ಕೆಟ್ಟವರಿಗೆ, ಹಿಂದೆ ಎದೆಯ ಆಪರೇಷನ್ ಆದವರಿಗೆ ಕಷ್ಟ. ಮೂರ್ನಾಲ್ಕು ನಾಳ ಕಟ್ಟಿದ್ದರೆ ಮಿಕ್ಕವಕ್ಕೆ ಸ್ಟೆಂಟ್ ಹಾಕಬೇಕಾದೀತು, ಇಲ್ಲವೇ ಎದೆ ತೆರೆಯುವುದೇ ಲೇಸು. ನಡುವೆ ತೊಡಕಾದರೆ ಮೂಳೆ ಸೀಳಲೇಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮಗಳಿಗೆ ಇದನ್ನೆಲ್ಲ ಬಿಡಿಸಿ ಹೇಳುವವರು ಎಷ್ಟು ಜನ?

ಸಚಿವರೇ, ನನ್ನ ಕೋರಿಕೆ ಇಷ್ಟೇ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಖಾಸಗಿ ಆಸ್ಪತ್ರೆಗಳು ದರಪಟ್ಟಿ ತೋರಿಸಬೇಕು. ದರದ ಜೊತೆಗೆ ಫಲಿತಾಂಶವನ್ನೂ ತೋರಿಸುವಂತೆ ಮಾಡಿ. ವರ್ಷಕ್ಕೆ ಎಷ್ಟು ರೋಬೋಟ್ ಬೈಪಾಸ್ ಮಾಡಿದರು, 70 ದಾಟಿದವರು ಎಷ್ಟು, ಎಷ್ಟು ಮಂದಿಗೆ ಅರ್ಧದಲ್ಲಿ ಎದೆ ತೆರೆಯಬೇಕಾಯಿತು, 30 ದಿನದೊಳಗೆ ತೀರಿಕೊಂಡವರೆಷ್ಟು? ಇದು ಅಸಾಧ್ಯದ ಬೇಡಿಕೆಯಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯ 1989ರಲ್ಲೇ ಬೈಪಾಸ್ ರೋಗಿಗಳ ಲೆಕ್ಕ ಸಂಗ್ರಹಿಸತೊಡಗಿತು. ಮುಂದೆ ಆಸ್ಪತ್ರೆವಾರು, ಸರ್ಜನ್‌ವಾರು ಸಾವಿನ ಪ್ರಮಾಣವನ್ನೂ ಪ್ರಕಟಿಸಿತು. ಅಂಕಿ ಕೆಡುತ್ತದೆಂದು ವೈದ್ಯರು ತೀರಾ ನಿಶ್ಶಕ್ತರನ್ನು ಮುಟ್ಟದೆ ಹೋದಾರು ಎಂಬ ಆತಂಕ ಅಲ್ಲೂ ಎದ್ದಿತ್ತು, ಅದು ನಿಜವಾದ ಆತಂಕವೇ. ಅದಕ್ಕೇ ರೋಗಿಯ ವಯಸ್ಸು, ಕಿಡ್ನಿ, ಸಕ್ಕರೆ ಕಾಯಿಲೆಗಳನ್ನು ಗಣನೆಗೆ ತೆಗೆದುಕೊಂಡು ತಾಳೆ ಹಾಕುವ ಲೆಕ್ಕವೇ ಬೇಕು.

ಹಣದ ಮಾತೂ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೋಬೋಟ್ ಶಸ್ತ್ರಚಿಕಿತ್ಸೆಯನ್ನು ಪಾಲಿಸಿಯಿಂದ ಹೊರಗಿಡಬಾರದೆಂದಿತು, ಆದರೆ ಕಂಪನಿಗಳಿಗೆ ಅದಕ್ಕೊಂದು ಮಿತಿ ಹಾಕಲು ಅವಕಾಶ ಕೊಟ್ಟಿತು. ಆ ಮಿತಿ ಮನೆಯವರಿಗೆ ತಿಳಿಯುವುದು ಡಿಸ್ಚಾರ್ಜ್ ದಿನ ಆಗಬಾರದು. ಅಂದಾಜು ವೆಚ್ಚವನ್ನು, ತೆರೆದ ಬೈಪಾಸ್‌ನ ವೆಚ್ಚದ ಪಕ್ಕದಲ್ಲೇ, ಕನ್ನಡದಲ್ಲಿ ಬರೆದು ಮೊದಲೇ ಕೈಗಿಡಲಿ.

ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುವಂತೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದದ್ದು ನಿಮ್ಮ ಇಲಾಖೆಯೇ. ಆ ಕಾಳಜಿ ಇಲ್ಲಿಗೂ ಹರಿಯಲಿ. ಜಯದೇವ ಹೃದ್ರೋಗ ಸಂಸ್ಥೆಯ ಹಿರಿಯ ಸರ್ಜನ್ನರನ್ನೂ ಖಾಸಗಿ ಆಸ್ಪತ್ರೆಗಳ ತಜ್ಞರನ್ನೂ ಒಟ್ಟಿಗೆ ಕೂರಿಸಿ, ಈ ಲೆಕ್ಕದ ನಮೂನೆಯನ್ನು ಸಿದ್ಧಪಡಿಸಿ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆರ್.ಟಿ. ನಗರದ ಓರ್ವ ನಿವಾಸಿ