ಶಾಲು ಸಾಕು, ಮಾತ್ರೆ ಮನೆಗೆ ಕಳಿಸಿ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಹಿರಿಯರೊಬ್ಬರು ಗೇಟಿನಲ್ಲೇ ತಡೆದು ಕೇಳಿದರು. ಅವರೂ ನಮ್ಮ ಹುಬ್ಬಳ್ಳಿ ಕಡೆಯವರೇ. "ಏನ್ರೀ ವೈನಿ, ವಾರಾ ವಾರಾ ಆ ಇಂಗ್ಲಿಷರ ಗೋರಿಗೆ ಹೂ ಇಟ್ಟು ಬರ್ತೀರಂತ? ನಮ್ಮನ್ನ ಆಳಿದ ಮಂದಿ ಅವರು!"

ಕೈಯಲ್ಲಿ ಸೇವಂತಿಗೆ ಹೂವಿನ ಪೊಟ್ಟಣ, ಮೊಣಕಾಲಲ್ಲಿ ನೋವು. ಆಗ ನಕ್ಕು ಸುಮ್ಮನಾದೆ. ಉತ್ತರ ಈಗ ಬರೆಯುತ್ತಿದ್ದೇನೆ. ಸ್ವಲ್ಪ ಕೋಪದಲ್ಲೇ ಬರೆಯುತ್ತಿದ್ದೇನೆ, ಕ್ಷಮಿಸಿ.

ನಮ್ಮವರು ಸೈನ್ಯದ ಸಿಗ್ನಲ್ಸ್‌ನಲ್ಲಿ ಹವಾಲ್ದಾರ್ ಆಗಿದ್ದರು. 1971ರ ಯುದ್ಧದಲ್ಲಿ ಗಡಿಯಲ್ಲಿದ್ದರು, ದೇವರ ದಯೆ, ಗುಂಡು ತಾಗಲಿಲ್ಲ. 1984ರಲ್ಲಿ ಪುಣೆಗೆ ಪೋಸ್ಟಿಂಗ್ ಆಯಿತು. ನಿವೃತ್ತಿಯಾದ ಮೇಲೂ ಇಲ್ಲೇ ಖಡಕಿಯ ಹತ್ತಿರ ಉಳಿದೆವು. 2016ರಲ್ಲಿ ಸಕ್ಕರೆ ಕಾಯಿಲೆಗೆ ಕಿಡ್ನಿ ಹೋಗಿ ತೀರಿಕೊಂಡರು. ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ. ಬೈಲಹೊಂಗಲದ ಹತ್ತಿರ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಅಲ್ಲಿಗೆ ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಹೋದಾಗಲೆಲ್ಲ ಮೊದಲು ಜಾಲಿ ಕಡಿಸಬೇಕು, ಆಮೇಲೆ ಹೂ.

ಅದಕ್ಕೇ ಭಾನುವಾರ ಇಲ್ಲಿನ ಖಡಕಿ ವಾರ್ ಸೆಮೆಟ್ರಿಗೆ ಹೋಗುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಸತ್ತ 1,600ಕ್ಕೂ ಹೆಚ್ಚು ಸೈನಿಕರು ಅಲ್ಲಿ ಮಲಗಿದ್ದಾರೆ. ಕಲ್ಲಿನ ಮೇಲೆ ಹೆಸರು, ದಳ, ಸತ್ತ ದಿನ. ಎಷ್ಟೋ ಕಲ್ಲುಗಳ ಮೇಲೆ ವಯಸ್ಸೂ ಇದೆ: ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ನಾಲ್ಕು. ಇವರ ತಾಯಂದಿರು ಸಮುದ್ರ ದಾಟಿ ಬಂದು ಹೂ ಇಟ್ಟಾರೆಯೇ? ನನ್ನ ಯಜಮಾನರ ಸಮಾಧಿ ನನಗೆ ದೂರ, ಇವರದು ಅವರವರ ಮನೆಯವರಿಗೆ ದೂರ. ನಾನು ಹೂ ಇಡುವುದಕ್ಕೆ ಇಷ್ಟೇ ಕಾರಣ.

ಹಿರಿಯರ ಮಾತಿನಲ್ಲಿ ಸತ್ಯ ಇಲ್ಲವೆಂದಲ್ಲ. ಈ ಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ 1917ರಲ್ಲಿ ಶುರುವಾದದ್ದು. ಸಾಹೇಬನಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎನ್ನುವುದು ಅದರ ನಿಯಮ. ಆದರೆ ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತ, ಆಫ್ರಿಕಾದ ಸಾವಿರಾರು ಜನರನ್ನು ಬಿಳಿಯರಿಗೆ ಸಮನಾಗಿ ಸ್ಮರಿಸಲಿಲ್ಲ, ಲಕ್ಷಕ್ಕೂ ಹೆಚ್ಚು ಮಂದಿಯ, ಮುಖ್ಯವಾಗಿ ಆಫ್ರಿಕಾದವರ, ಹೆಸರನ್ನೇ ಕೆತ್ತಲಿಲ್ಲ ಎಂದು 2021ರಲ್ಲಿ ಅದೇ ಆಯೋಗ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷ ತಡವಾಗಿ.

ಆದರೂ ಆ ಸೆಮೆಟ್ರಿಯಲ್ಲಿ ನಾನು ಒಂದು ಪಾಠ ಕಲಿತೆ. ಯಾವಾಗ ಹೋದರೂ ಹುಲ್ಲು ಕತ್ತರಿಸಿರುತ್ತದೆ. ಮಾಲಿ ಕಲ್ಲಿನ ಹತ್ತಿರ ಹೋಗುತ್ತಾನೆ. ಕಲ್ಲು ಟೋಕನ್ ಹಿಡಿದು ಮಾಲಿಯ ಹತ್ತಿರ ಬರಬೇಕಾಗಿಲ್ಲ.

ಈಗ ನನ್ನ ವಾರ ಕೇಳಿ.

ಸೋಮವಾರ ಎರಡು ಬಸ್ಸು ಬದಲಿಸಿ ಕ್ಲಿನಿಕ್ಕು. ಏಳೂವರೆಗೆ ಟೋಕನ್, ಹನ್ನೊಂದಕ್ಕೆ ಡಾಕ್ಟರು. ಬಿಪಿ ಮಾತ್ರೆ ಇದೆ, ಸಕ್ಕರೆಯ ಎರಡು ಮಾತ್ರೆಯಲ್ಲಿ ಒಂದು ಇಲ್ಲ. "ಮಾತಾಜಿ, ಗುರುವಾರ ಬನ್ನಿ." ಮಂಗಳವಾರ ಕಾಲಿಗೆ ವಿಶ್ರಾಂತಿ. ಬುಧವಾರ ರೆಫರಲ್ ಚೀಟಿ ಹಿಡಿದು ಕಣ್ಣಿನ ಆಸ್ಪತ್ರೆ. ಅಲ್ಲಿ ಹೊಸ ತಕರಾರು: ಮಿಲಿಟರಿ ಕಾಗದದಲ್ಲಿ ನನ್ನ ಹೆಸರಿನ ಕೊನೆಗೆ 'ಬಾಯಿ', ಆಧಾರ್‌ನಲ್ಲಿ 'ಅವ್ವ'. ನಮ್ಮ ಮದುವೆಯಾದ ಹೊಸದರಲ್ಲಿ ಯಾವನೋ ಗುಮಾಸ್ತ ಬರೆದುಕೊಂಡದ್ದು! ಗುರುವಾರ ಮತ್ತೆ ಕ್ಲಿನಿಕ್ಕು, ಮಾತ್ರೆ ಇನ್ನೂ ಬಂದಿಲ್ಲ, ಹೊರಗೆ ಕೊಂಡೆ. ಶುಕ್ರವಾರ ನೋಟರಿಯ ಮುಂದೆ ಕೂತು, ಬಾಯಿಯೂ ನಾನೇ ಅವ್ವನೂ ನಾನೇ ಎಂದು ಪ್ರಮಾಣಪತ್ರ. ಶನಿವಾರ ಅದನ್ನು ಹಿಡಿದು ಮತ್ತೆ ಕಣ್ಣಿನ ಆಸ್ಪತ್ರೆ. ಅಂತೂ ಕಣ್ಣಿಗೆ ಹನಿ ಹಾಕಿ ನೋಡಿದರು.

ಯೋಜನೆಯನ್ನು ಬೈಯುತ್ತಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರಲ್ಲಿ ಬಂದಿರದಿದ್ದರೆ ನಮ್ಮವರ ಡಯಾಲಿಸಿಸ್‌ಗೆ ಹೊಲ ಮಾರಬೇಕಿತ್ತು. ಅಲ್ಲಿನ ನರ್ಸಮ್ಮನವರೂ ಒಳ್ಳೆಯವರು. ನನ್ನ ಸಿಟ್ಟು ಇನ್ನೊಂದಕ್ಕೆ: ಗೌರವ ಅಂದರೆ ಏನು ಎಂದು ನಾವು ತಿಳಿದಿರುವುದಕ್ಕೆ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ನಿವೃತ್ತರಾದದ್ದು 1953ರ ಜನವರಿ 14ರಂದು. ನಮ್ಮ ಕೊಡಗಿನ ಆ ಮಹಾನುಭಾವರ ನೆನಪಿಗೇ ಆ ದಿನವನ್ನು ಮಾಜಿ ಸೈನಿಕರ ದಿನ ಎಂದು ಆಚರಿಸುತ್ತಾರೆ. ಸಂತೋಷ. ಆ ದಿನ ಸಭೆಗೆ ಕರೆದು ನಮಗೆ ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ. ನಿರೂಪಕರು ಉತ್ಸಾಹದಲ್ಲಿ 'ವೀರನಾರಿ' ಅಂದುಬಿಡುತ್ತಾರೆ. ನಾನು ವೀರನಾರಿ ಅಲ್ಲ ಸ್ವಾಮಿ, ಅದು ರಣರಂಗದಲ್ಲಿ ಗಂಡನನ್ನು ಕಳೆದುಕೊಂಡವರ ಹೆಸರು. ಅವರಿಗೆ ಗಂಡನ ಕೊನೆಯ ಸಂಬಳದಷ್ಟೇ ಪಿಂಚಣಿ, ನನ್ನಂಥವರಿಗೆ ನೂರಕ್ಕೆ 30. ಆ ಲೆಕ್ಕ ಸರಿಯಾಗಿಯೇ ಇದೆ, ಅವರು ಕೊಟ್ಟದ್ದು ದೊಡ್ಡದು. ಆದರೆ ಕ್ಲಿನಿಕ್ಕಿನ ಸಾಲಿನಲ್ಲಿ ಅವರೂ ನನ್ನ ಹಿಂದೆಯೇ ನಿಂತಿರುತ್ತಾರಲ್ಲ! ನನ್ನ ಬೀರುವಿನಲ್ಲಿ ನಾಲ್ಕು ಶಾಲು ಇವೆ. ಪುಣೆಯ ಚಳಿಗೆ ಒಂದು ಸಾಕು.

"ಲಕ್ಷಾಂತರ ಮಂದಿ ಇದ್ದೀರಿ, ಎಲ್ಲರ ಮನೆಗೂ ಬರಲಿಕ್ಕೆ ಆಗ್ತದೇನು?" ಎಂದು ಕೇಳುತ್ತೀರಿ. ಆಗುತ್ತದೆ, ನಾನೇ ಕಂಡಿದ್ದೇನೆ. ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಸಾಬೀತು ಮಾಡಬೇಕಲ್ಲ, ಆ ಜೀವನ ಪ್ರಮಾಣಪತ್ರಕ್ಕೆ ಮೊದಲು ಬೆರಳು ಒತ್ತಬೇಕಿತ್ತು. ಪಾತ್ರೆ ತಿಕ್ಕಿ ತಿಕ್ಕಿ ಸವೆದ ನನ್ನ ಬೆರಳನ್ನು ಆ ಯಂತ್ರ ಗುರುತಿಸುತ್ತಿರಲಿಲ್ಲ. 2020ರಲ್ಲಿ ಅಂಚೆಯ ಬ್ಯಾಂಕು ಮನೆಬಾಗಿಲಿಗೇ ಈ ಸೇವೆ ತಂದಿತು. 70 ರೂಪಾಯಿ ಕೊಟ್ಟೆ, ಪೋಸ್ಟ್‌ಮನ್ ಬಂದ. ಹೋದ ನವೆಂಬರ್‌ನಲ್ಲಿ ಮೊಬೈಲ್ ಹಿಡಿದು "ಆಜೀ, ಕಣ್ಣು ಮಿಟುಕಿಸಿ" ಅಂದ. ಮಿಟುಕಿಸಿದೆ. ಮುಗಿಯಿತು. ಚಹಾ ಕುಡಿದು ಹೋದ.

ಬದುಕಿದ್ದೇನೆಂದು ಬರೆದುಕೊಳ್ಳಲು ಮನೆಗೆ ಬರುವವರಿಗೆ, ಬದುಕಲು ಬೇಕಾದ ಮಾತ್ರೆ ತರಲು ಏನು ಕಷ್ಟ?

ನಾನು ಕೇಳುವುದು ಮೂರೇ. ಎಪ್ಪತ್ತು ದಾಟಿದವರಿಗೆ ದಿನನಿತ್ಯದ ಮಾತ್ರೆ ಅಂಚೆಯಲ್ಲಿ ಮನೆಗೆ ಬರಲಿ. ತಪಾಸಣೆಗೆ ಇಂಥ ದಿನ, ಇಷ್ಟು ಗಂಟೆಗೆ ಬನ್ನಿ ಎಂದು ಫೋನಿನಲ್ಲಿ ಹೇಳಲಿ. ಹೆಸರಿನ ತಪ್ಪನ್ನು, ಬರೆದುಕೊಂಡ ಕಚೇರಿಯೇ ಒಮ್ಮೆ ತಿದ್ದಲಿ. ಇಷ್ಟಾದರೆ ನನಗೆ ಐದನೇ ಶಾಲು ಬೇಡ.

ಇನ್ನು ನಮ್ಮ ಸೊಸೈಟಿಯ ಹಿರಿಯರಿಗೆ: ಮುಂದಿನ ಭಾನುವಾರ ನನ್ನ ಜೊತೆ ಬರ್ರಿ, ಹೂವು ನಾನೇ ತರ್ತೀನಿ. ಹಂಗೇ ಸೋಮವಾರನೂ ಬರ್ರಿ, ಏಳೂವರೆಗೆ, ಕ್ಲಿನಿಕ್ಕಿಗೆ. ಅಲ್ಲಿ ಕೂಡಲಿಕ್ಕೆ ಕುರ್ಚಿ ಸಿಗೂದಿಲ್ಲ, ಒಂದು ಹಳೇ ಪೇಪರ್ ತಗೊಂಡು ಬರ್ರಿ.